ಮೊದಲ ಹಲ್ಲಿನ ಗುರುತು

“ಬಗ್ಗಬೇಡಿ ಅಂತ ಡಾಕ್ಟರು ಅಷ್ಟು ಹೇಳಿದ್ದಾರಲ್ಲ ಅತ್ತೆ!”

“ನಾನೆಲ್ಲಿ ಬಗ್ಗಿದ್ದೀನಿ ಅಳಿಯಂದ್ರೇ? ಮಲಗಿದ್ದೀನಿ.”

ಮಾತು ನಿಜವೇ. ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ, ಮೂತಿ ಜಜ್ಜಿಹೋದ ಬ್ರೆಡ್ ವ್ಯಾನಿನ ಕೆಳಗೆ ಹಲಗೆ ಹಾಸಿಕೊಂಡು ಮೇಸ್ತ್ರಿಯಮ್ಮ ಅಂಗಾತ ಮಲಗಿದ್ದರು. ಹೊರಗೆ ಕಾಣುತ್ತಿದ್ದುದು ಎಣ್ಣೆ ಕುಡಿದು ಕಪ್ಪಾದ ಅವರ ಎರಡು ಬೂಟು ಮಾತ್ರ. ಕಣ್ಣಿಗೆ ಆಪರೇಷನ್ ಆಗಿ ಇನ್ನೂ ಹನ್ನೊಂದೇ ದಿನ. ಕರಿ ಕನ್ನಡಕ ಹಾಕಿಕೊಂಡು ಟಾರ್ಚ್ ಬಿಡುವ ಹೆಂಗಸನ್ನು ಆ ಠಾಣೆ ಹಿಂದೆಂದೂ ಕಂಡಿರಲಿಲ್ಲ.

ಶನಿವಾರ ಇಳಿಜಾರಿನಲ್ಲಿ ಗೋಡೆಗೆ ಗುದ್ದಿದ ಈ ವ್ಯಾನಿಗೆ ಎರಡು ತಿಂಗಳ ಹಿಂದೆ ಗೇರ್‌ಬಾಕ್ಸ್ ಬದಲಿಸಿಕೊಟ್ಟವರು ಅವರೇ. ‘ಹೊಂದದ ಗೇರ್‌ಬಾಕ್ಸ್ ಹಾಕಿದ್ದರಿಂದ ಅದು ಕಚ್ಚಿಕೊಂಡು ಅಪಘಾತ’ ಎಂದು ಗಾಡಿ ತಪಾಸಣೆಯ ವರದಿ ಬಂದಿತ್ತು. ವ್ಯಾನು ಓಡಿಸುತ್ತಿದ್ದ ಮೀಸೆ ಡ್ರೈವರ್‌ಗೆ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಸಂಜೆ ಐದು ಗಂಟೆಗೆ ಮೇಸ್ತ್ರಿಯಮ್ಮನ ಷೆಡ್ಡಿಗೆ ಬೀಗ ಜಡಿಯಬೇಕೆಂಬ ಆದೇಶ, ಬೇರೆ ಯಾರ ಹತ್ತಿರವೂ ಅಲ್ಲ, ಸಬ್ ಇನ್‌ಸ್ಪೆಕ್ಟರ್ ಅಳಿಯನ ಜೇಬಿನಲ್ಲೇ ಇತ್ತು.

“ನನ್ನ ರಟ್ಟು ಕೊಡಿ,” ವ್ಯಾನಿನ ಕೆಳಗಿಂದ ಒಂದು ಕೈ ಹೊರಗೆ ಬಂತು.

ಷೆಡ್ಡಿನಿಂದ ತಂದಿದ್ದ ಆ ರಟ್ಟು ಜೀಪಿನ ಪೆಟ್ಟಿಗೆಯಲ್ಲಿತ್ತು. ಅಳಿಯ ಕೀಗೊಂಚಲು ತೆಗೆದು ಒಂದು ಕೀ ತೂರಿಸಿದ. ತಿರುಗಲಿಲ್ಲ. ನೋಡಿ ನಾಲಿಗೆ ಕಚ್ಚಿಕೊಂಡ.

“ಥತ್, ಹಸಿರು ಚುಕ್ಕೆ ಇರೋದು ಮನೇದು. ಎರಡೂ ಅವಳಿ-ಜವಳಿ ಇದ್ದ ಹಾಗಿವೆ ಅಂತ ನಿಮ್ಮ ಮಗಳೇ ಉಗುರು ಬಣ್ಣ ಹಚ್ಚಿಕೊಟ್ಟಳು. ಆದ್ರೂ ನಾನು ನೋಡೋದು ತೂರಿಸಿದ ಮೇಲೇನೇ.”

“ಅದಕ್ಕೇ ಹೇಳೋದು, ಮೊದಲು ನೋಡಬೇಕು, ಆಮೇಲೆ ತೂರಿಸಬೇಕು. ನನ್ನ ಕಸುಬೂ ಅಷ್ಟೇ.”

ಮೇಸ್ತ್ರಿಯಮ್ಮನ ಕಸುಬು ನಿಜಕ್ಕೂ ಅಷ್ಟೇ. ಒಂದು ಗಾಡಿಯ ಗೇರ್‌ಬಾಕ್ಸ್ ಇನ್ನೊಂದಕ್ಕೆ ಹಾಕುವ ಮುಂಚೆ ಬೇರೆಯವರು ಬೋಲ್ಟಿನ ತೂತು ಕೂಡುತ್ತದೋ ಇಲ್ಲವೋ ನೋಡಿ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ಅವರ ಷೆಡ್ಡಿನಲ್ಲಿ ಹಾಗಿಲ್ಲ. ಗೇರ್‌ಬಾಕ್ಸಿನ ಮುಖಕ್ಕೆ ಗ್ರೀಸ್ ಸವರಿ ಒಂದು ರಟ್ಟಿನ ಮೇಲೆ ಒತ್ತಿ, ತೂತುಗಳ ಅಚ್ಚು ತೆಗೆಯಬೇಕು. ಶಾಫ್ಟಿನ ತುದಿಯ ಹಲ್ಲು ಎಣಿಸಿ, ಅದು ಕೂರಬೇಕಾದ ಕ್ಲಚ್ ಪ್ಲೇಟಿನ ಹಲ್ಲಿಗೆ ತಾಳೆ ನೋಡಬೇಕು. ಗೇರ್‌ಬಾಕ್ಸಿನ ಹಿಂದಕ್ಕೆ ಚಾಚಿದ ಬಾಲದ ಉದ್ದ ಅಳೆಯಬೇಕು. ಕೊನೆಗೆ ಕಿಲೋಮೀಟರ್ ತೋರಿಸುವ ಮೀಟರಿನ ಕೇಬಲ್ ತಿರುಗಿಸುವ ಪುಟ್ಟ ಗೇರಿನ ಹಲ್ಲನ್ನೂ ಬಿಡಬಾರದು. ಎಲ್ಲವನ್ನೂ ಆ ರಟ್ಟಿನ ಮೇಲೆ ಬರೆದು, ಗಾಡಿ ಒಯ್ಯುವವರ ಸಹಿ ಹಾಕಿಸಿ, ಗೋಡೆಯ ಮೊಳೆಗೆ ನೇತುಹಾಕಬೇಕು.

ಎಣಿಕೆಯಲ್ಲಿ ಅವರದೊಂದು ಉಪಾಯವಿತ್ತು. ಎಲ್ಲ ಹಲ್ಲೂ ಒಂದೇ ಥರ ಇರುವಾಗ ಎಲ್ಲಿಂದ ಶುರು ಮಾಡಿದೆವು ಎಂಬುದೇ ಮರೆತುಹೋಗುತ್ತದೆ. ಸೀಮೆಸುಣ್ಣ ಎಣ್ಣೆಗೆ ಅಳಿಸುತ್ತದೆ. ಅದಕ್ಕೇ ಮೊದಲ ಹಲ್ಲಿಗೆ ಕೆಂಪು ಉಗುರು ಬಣ್ಣದ ಒಂದು ಚುಕ್ಕೆ. ಸುತ್ತು ಹಾಕಿ ಆ ಚುಕ್ಕೆಗೆ ವಾಪಸು ಬಂದರೆ ಲೆಕ್ಕ ಮುಗಿಯಿತು. ಊರಿನ ಮೆಕ್ಯಾನಿಕ್ಕುಗಳು ಮೊದಮೊದಲು ಮೂಗು ಮುರಿದರು, ‘ಹಲ್ಲೆಣಿಸೋ ಮೇಸ್ತ್ರಿಯಮ್ಮ’ ಎಂದು ಹೆಸರಿಟ್ಟರು. ಮೂವತ್ತೆರಡು ವರ್ಷದಲ್ಲಿ ಒಂದು ಗಾಡಿಯೂ ವಾಪಸು ಬರದಿದ್ದಾಗ ಅದೇ ಹೆಸರನ್ನು ಮರ್ಯಾದೆಯಿಂದ ಕರೆಯತೊಡಗಿದರು.

ಈಗ ಅವರು ಮಲಗಿದ್ದಲ್ಲೇ ರಟ್ಟನ್ನು ಗೇರ್‌ಬಾಕ್ಸಿನ ಪಕ್ಕ ಹಿಡಿದರು.

“ತೂತು ಕೂಡುತ್ತೆ,” ಎಂದರು. “ಒಂದೇ ಕಂಪನಿ, ಒಂದೇ ವಂಶ. ಆದ್ರೆ ಬಾಲ ಎರಡು ಬೆರಳು ಗಿಡ್ಡ.”

“ಅಂದ್ರೆ?”

“ಅಂದ್ರೆ ಇದು ನಾನು ಹಾಕಿದ್ದಲ್ಲ. ಯಾರೋ ನಂದನ್ನ ಬಿಚ್ಚಿ ಒಯ್ದು ಇದನ್ನ ಕೂರಿಸಿದ್ದಾರೆ.”

ಅಳಿಯ ಅಲ್ಲೇ ಕುಕ್ಕರಗಾಲಲ್ಲಿ ಕೂತ. “ಅತ್ತೆ, ನಾನು ನಂಬ್ತೀನಿ. ಸಾಹೇಬರು ನಂಬಬೇಕಲ್ಲ? ಈ ರಟ್ಟನ್ನ ನೀವು ನಿನ್ನೆ ಕೂತು ಬರೆದಿರಿ ಅಂತಾರೆ. ಸಹಿ ಹಾಕಿದ ಡ್ರೈವರ್ ಮಾತಾಡೋ ಸ್ಥಿತೀಲಿಲ್ಲ.”

ಮೇಸ್ತ್ರಿಯಮ್ಮ ಬಾಲದ ಕಡೆಗೆ ಸರಿದರು. ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತ್ತು. ಬಾಲ ಗಿಡ್ಡವಾದ ಜಾಗಕ್ಕೆ ಒಂದು ಉಕ್ಕಿನ ಬಿಲ್ಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಶಾಫ್ಟನ್ನು ಸೇರಿಸಿದ್ದರು. ಬಿಲ್ಲೆಯ ಅಂಚಿನ ಮೇಲೆ ಅವರು ಬೆರಳಾಡಿಸಿದರು. ಎಲ್ಲೂ ತರಚಲಿಲ್ಲ. ಗೇರ್‌ಬಾಕ್ಸನ್ನು ಹೊರುವ ಕೆಳಗಿನ ಪಟ್ಟಿಗೆ ಹೊಸ ತೂತು ಕೊರೆದವರು ಅದರ ಬಾಯಿಯನ್ನು ಅರ ಹಾಕಿ ಉಜ್ಜಿ ನುಣುಪು ಮಾಡಿದ್ದರು. ಕಾಣದ ಜಾಗದಲ್ಲಿ, ಯಾರೂ ನೋಡದ ಕಡೆ.

“ಆಹಾ,” ಅಂದರು.

“ಏನಾಯ್ತು? ಕಣ್ಣಿಗೇನಾದ್ರೂ ಬಿತ್ತಾ?”

“ಕೆಲಸ ನೋಡಿ ಅಂದೆ ಅಳಿಯಂದ್ರೇ. ಕಳ್ಳತನ ಇರಬಹುದು, ಕೈ ಮಾತ್ರ ಕಳ್ಳಕೈ ಅಲ್ಲ. ಲೇತ್ ಮೆಷಿನ್ ಮೇಲೆ ಕಡೆದು ತೆಗೆದ ಬಿಲ್ಲೆ ಇದು. ಇಂಥ ಕೆಲಸ ನಾನು ನೋಡಿ ಹತ್ತು ವರ್ಷ ಆಯ್ತು.”

“ನಿಮ್ಮನ್ನ ಜೈಲಿಗೆ ಕಳಿಸೋಕೆ ಮಾಡಿದ ಕೆಲಸಕ್ಕೆ ನೀವೇ ಶಹಬ್ಬಾಸ್ ಹೇಳ್ತಿದ್ದೀರಲ್ಲ!”

“ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಬೇಕು. ಅದರಲ್ಲಿ ಕಂಜೂಸ್ತನ ಯಾಕೆ?” ಅವರು ಒಂದು ಸಣ್ಣ ಬೋಲ್ಟು ಬಿಚ್ಚಿ, ಮೀಟರ್ ಕೇಬಲ್ಲಿನ ತುದಿಯಿಂದ ಪ್ಲಾಸ್ಟಿಕ್ಕಿನ ಪುಟ್ಟ ಗೇರನ್ನು ಎಳೆದುಕೊಂಡರು. ಅಂಗೈ ಮೇಲಿಟ್ಟು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಕರಿ ಕನ್ನಡಕದ ಕೆಳಗೆ ತುಟಿ ಅರಳಿತು.

“ಒಂದೇ ಒಂದು ಕಡೆ ಎಡವಿದ್ದಾರೆ. ನನ್ನ ರಟ್ಟಲ್ಲಿ ಇದಕ್ಕೆ ಎಷ್ಟು ಹಲ್ಲು ಬರೆದಿದೆ ಓದಿ.”

“ಹದಿನೆಂಟು.”

“ಇದಕ್ಕೆ ಹದಿನಾರು. ಎಬ್ಬಿಸಿ ನನ್ನ. ಬೇಕರಿಗೆ ಹೋಗೋಣ.”

* * *

ಬೇಕರಿಯ ಮ್ಯಾನೇಜರನ್ನು ಡ್ರೈವರುಗಳು ಬೆನ್ನ ಹಿಂದೆ ‘ಲೆಕ್ಕದ ಡಬ್ಬಿ’ ಎನ್ನುತ್ತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎದುರಿಗೆ ಚೌಕಾಕಾರದ ದೊಡ್ಡ ರಿಜಿಸ್ಟರು. ಒಲೆಯ ಶಾಖ ಗೋಡೆ ದಾಟಿ ಆ ಪುಟ್ಟ ಕೋಣೆಗೂ ಬರುತ್ತಿತ್ತು.

“ಹೇಳಿಕೆ ಕೊಟ್ಟಾಗಿದೆಯಲ್ಲ ಸಾರ್,” ಎಂದು ಅವನು ಅಳಿಯನಿಗೆ ಹೇಳಿದ. ಮೇಸ್ತ್ರಿಯಮ್ಮನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ಇವರ ಷೆಡ್ಡಿಂದ ಬಂದ ಮೇಲೆ ಆ ವ್ಯಾನಿನ ಗೇರ್‌ಬಾಕ್ಸ್ ಯಾರೂ ಮುಟ್ಟಿಲ್ಲ. ಇನ್ನೇನು ಬೇಕು?”

“ಏನೂ ಬೇಡಪ್ಪ,” ಮೇಸ್ತ್ರಿಯಮ್ಮ ಎದುರಿನ ಸ್ಟೂಲಿನ ಮೇಲೆ ಆರಾಮಾಗಿ ಕೂತರು. “ನಿಮ್ಮ ರಿಜಿಸ್ಟರ್ ನೋಡಬೇಕು ಅಂತ ಬಂದೆ. ಮೀಸೆ ಡ್ರೈವರ್ ಯಾವಾಗಲೂ ಹೇಳೋನು, ನಮ್ಮ ಮ್ಯಾನೇಜರ್ ಒಂದು ಕಿಲೋಮೀಟರನ್ನೂ ಬಿಡಲ್ಲ ಅಂತ.”

ಲೆಕ್ಕದ ಡಬ್ಬಿಯ ಮುಖ ಮೆತ್ತಗಾಯಿತು. “ಹನ್ನೊಂದು ವರ್ಷ ಆಯ್ತು ನೋಡೀಮ್ಮ. ರಿಜಿಸ್ಟರಲ್ಲಿ ಒಂದು ಮನೆ ಖಾಲಿ ಬಿಟ್ಟಿಲ್ಲ, ಒಂದು ಕಡೆ ಹೊಡೆದುಹಾಕಿಲ್ಲ. ಬೆಳಿಗ್ಗೆ ಗಾಡಿ ಹೊರಡುವಾಗ ನಾನೇ ಹೋಗಿ ಮೀಟರ್ ನೋಡ್ತೀನಿ. ಬಂದಾಗಲೂ ನಾನೇ. ಡ್ರೈವರ್ ಬಾಯಲ್ಲಿ ಕೇಳಿ ಬರೆಯೋ ಜಾಯಮಾನ ನಂದಲ್ಲ.”

“ಕೈಯಾರೆ ಮಾಡಿದ್ದೇ ಕೆಲಸ,” ಎಂದರು ಮೇಸ್ತ್ರಿಯಮ್ಮ. ಅದು ಬಾಯುಪಚಾರದ ಮಾತಾಗಿರಲಿಲ್ಲ. ತನ್ನ ಕೆಲಸದ ಬಗ್ಗೆ ಹೆಮ್ಮೆ ಇರುವವರನ್ನು ಕಂಡರೆ ಅವರಿಗೆ ಇಷ್ಟ, ಎದುರು ಪಕ್ಷದವರಾದರೂ ಸರಿ. “ಈ ವ್ಯಾನಿನ ದಾರಿ ಬದಲಾಯ್ತಾ ಈಚೆಗೆ?”

“ಇಲ್ಲವೇ ಇಲ್ಲ. ಅದೇ ಇಪ್ಪತ್ತಾರು ಅಂಗಡಿ, ಅದೇ ರಸ್ತೆ.”

“ಓದಿ ಅಳಿಯಂದ್ರೇ. ಈ ತಿಂಗಳು ಮೊದಲಿಂದ.”

ಅಳಿಯ ಬೆರಳಿಟ್ಟು ಓದಿದ. “ಒಂದನೇ ತಾರೀಖು ಅರವತ್ನಾಲ್ಕು. ಎರಡು, ಅರವತ್ನಾಲ್ಕು. ಮೂರು, ಅರವತ್ನಾಲ್ಕು. ನಾಲ್ಕು, ಗುರುವಾರ, ವಾರದ ರಜ. ಐದು, ಅರವತ್ನಾಲ್ಕು...” ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಹತ್ತನೇ ತಾರೀಖಿನವರೆಗೆ ಬಂದ. “ಹನ್ನೊಂದು, ಗುರುವಾರ, ರಜ. ಹನ್ನೆರಡು...”

ಬೆರಳು ಆ ಸಾಲಿನ ಮೇಲೇ ನಿಂತಿತು.

“ಹನ್ನೆರಡು?”

“ಎಪ್ಪತ್ತೆರಡು. ಹದಿಮೂರು, ಎಪ್ಪತ್ತೆರಡು. ಹದಿನಾಲ್ಕು...” ಅವನು ಪುಟದ ಕೆಳಗಿನವರೆಗೆ ಕಣ್ಣೋಡಿಸಿದ. “ಅಪಘಾತದ ಹಿಂದಿನ ದಿನದವರೆಗೂ, ಏಳು ದಿನವೂ ಎಪ್ಪತ್ತೆರಡು.”

ಮ್ಯಾನೇಜರ್ ಕತ್ತು ಉದ್ದ ಮಾಡಿ ತನ್ನದೇ ಬರಹವನ್ನು ಯಾರೋ ಬೇರೆಯವರದ್ದು ಎಂಬಂತೆ ನೋಡಿದ. “ಡ್ರೈವರ್ ಎಲ್ಲಿಗೋ ಸುತ್ತಾಡೋಕೆ ಹೋಗಿರಬೇಕು.”

“ಏಳು ದಿನವೂ ಎಂಟೇ ಕಿಲೋಮೀಟರ್ ಸುತ್ತಾಡಿದನಾ? ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿ ಇಲ್ಲ? ಡೀಸೆಲ್ ಎಷ್ಟು ಹಾಕಿಸಿದ್ದೀರಿ, ಅದನ್ನೂ ಓದಿ.”

ಡೀಸೆಲ್ ಹೆಚ್ಚಾಗಿರಲಿಲ್ಲ. ಅದೂ ಅದೇ ರಿಜಿಸ್ಟರಿನಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿತ್ತು.

ಮೇಸ್ತ್ರಿಯಮ್ಮ ಜೇಬಿನಿಂದ ಆ ಪುಟ್ಟ ಗೇರನ್ನು ತೆಗೆದು ರಿಜಿಸ್ಟರಿನ ಮೇಲಿಟ್ಟರು.

“ಮೀಟರ್ ಓಡಿಸೋದು ಇದು. ನಾನು ಹಾಕಿದ್ದಕ್ಕೆ ಹದಿನೆಂಟು ಹಲ್ಲು. ಇದಕ್ಕೆ ಹದಿನಾರು. ಹಲ್ಲು ಕಮ್ಮಿ ಇದ್ರೆ ಇದು ಬೇಗ ಬೇಗ ಸುತ್ತುತ್ತೆ, ಮೀಟರ್ ಹೆಚ್ಚು ತೋರಿಸುತ್ತೆ. ನಿಮ್ಮ ಕ್ಯಾಲ್ಕುಲೇಟರ್ ತಗೊಳ್ಳಿ. ಅರವತ್ನಾಲ್ಕನ್ನ ಹದಿನೆಂಟರಿಂದ ಗುಣಿಸಿ.”

ಬೇರೆ ಯಾರಾದರೂ ಆಗಿದ್ದರೆ ‘ಹೋಗೀಮ್ಮ’ ಎನ್ನುತ್ತಿದ್ದರು. ಲೆಕ್ಕದ ಡಬ್ಬಿಗೆ ಮಾತ್ರ ಒಂದು ಲೆಕ್ಕವನ್ನು ಅರ್ಧಕ್ಕೆ ಬಿಡುವುದು ಆಗದ ಮಾತು. ಬೆರಳು ತಾನಾಗಿ ಒತ್ತಿತು.

“ಸಾವಿರದ ನೂರ ಐವತ್ತೆರಡು.”

“ಹದಿನಾರರಿಂದ ಭಾಗಿಸಿ.”

ಅವನು ಒತ್ತಿದ. ಪರದೆಯ ಮೇಲೆ ಎಪ್ಪತ್ತೆರಡು ಮೂಡಿತು. ಹಿಂದೊಂದು ಚುಕ್ಕೆಯಿಲ್ಲ, ಮುಂದೊಂದು ಸೊನ್ನೆಯಿಲ್ಲ, ಸರಿಯಾಗಿ ಎಪ್ಪತ್ತೆರಡು.

ಒಲೆಯ ಕಡೆಯಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಅಳಿಯ ತನ್ನ ಅತ್ತೆಯನ್ನು ನೋಡಿದ. ಮದುವೆಯಾದ ಆರು ವರ್ಷದಲ್ಲಿ ಅವನು ಅವರಿಗೆ ಹೆದರಿದ್ದುಂಟು, ಅವರ ಕೈಲಿ ಬೈಸಿಕೊಂಡದ್ದುಂಟು. ಇವತ್ತು ಅವರ ಪಕ್ಕ ನಿಂತಿರುವುದಕ್ಕೆ ಅವನ ಎದೆ ಉಬ್ಬಿತ್ತು.

“ಹನ್ನೊಂದನೇ ತಾರೀಖು ಗುರುವಾರ ಗೇರ್‌ಬಾಕ್ಸ್ ಬದಲಾಗಿದೆ,” ಎಂದರು ಮೇಸ್ತ್ರಿಯಮ್ಮ. “ಆ ದಿನ ನಾನು ಎಲ್ಲಿದ್ದೆ ಅಂತ ನೀವೇ ಹೇಳಿ ಅಳಿಯಂದ್ರೇ.”

“ಆಸ್ಪತ್ರೇಲಿ, ಕಣ್ಣಿಗೆ ಬಟ್ಟೆ ಕಟ್ಟಿಸ್ಕೊಂಡು. ಬೆಳಗಿಂದ ಸಂಜೆವರೆಗೂ ನಾನೇ ಪಕ್ಕದಲ್ಲಿ ಕೂತಿದ್ದೆ. ನಿಮ್ಮ ಮಗಳಿಗೆ ತರಬೇತಿ ಕೇಂದ್ರದಲ್ಲಿ ಪರೀಕ್ಷೆ ಡ್ಯೂಟಿ ಇತ್ತಲ್ಲ, ಅದಕ್ಕೆ.” ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು. “ಪೊಲೀಸೇ ಸಾಕ್ಷಿ!”

ಮ್ಯಾನೇಜರ್ ರಿಜಿಸ್ಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ನಾನು ಬರೆದದ್ದರಲ್ಲಿ ಸುಳ್ಳಿಲ್ಲ ಕಣಮ್ಮ.”

“ಇಲ್ಲ. ಈ ಕೇಸಲ್ಲಿ ಇಲ್ಲೀವರೆಗೆ ನಿಜ ಹೇಳಿರೋದು ನಿಮ್ಮ ರಿಜಿಸ್ಟರ್ ಒಂದೇ. ಈಗ ನೀವೂ ಹೇಳಿಬಿಡಿ.”

ಅವನು ರಿಜಿಸ್ಟರಿನಿಂದ ಕೈ ತೆಗೆದ. ಒಂದು ಲೋಟ ನೀರು ಕುಡಿದ. “ಯಜಮಾನರು ಫೋನ್ ಮಾಡಿದ್ರು. ಗುರುವಾರ ಯಾರೂ ಈ ಕಡೆ ಬರಬಾರದು, ಗೇಟಿನ ಕೀ ಹೂವಿನ ಕುಂಡದ ಕೆಳಗಿಡು, ಮೆಕ್ಯಾನಿಕ್ ಬಂದು ಹೋಗ್ತಾರೆ ಅಂದ್ರು. ಯಾಕೆ ಅಂತ ಕೇಳೋ ಪದ್ಧತಿ ಇಲ್ಲಿಲ್ಲ. ಅಪಘಾತ ಆದ ಮೇಲೆ, ಯಾರೂ ಮುಟ್ಟಿಲ್ಲ ಅಂತ ಹೇಳು ಅಂತ ಅವರೇ ಅಂದ್ರು. ಶನಿವಾರ ಸಂಜೆಯಿಂದ ಅವರ ಫೋನ್ ಸ್ವಿಚ್ ಆಫ್. ಮನೇಲೂ ಇಲ್ಲ.”

“ಮೆಕ್ಯಾನಿಕ್ ಯಾರು?” ಅಳಿಯ ಮೇಜಿಗೆ ಎರಡೂ ಕೈ ಊರಿದ.

“ದೇವರಾಣೆ ನೋಡಿಲ್ಲ ಸಾರ್. ಶುಕ್ರವಾರ ಬೆಳಿಗ್ಗೆ ಬಂದ್ರೆ ವ್ಯಾನು ನಿಲ್ಲೋ ಜಾಗ ಫಳಫಳ ಅಂತಿತ್ತು. ಒಂದು ತೊಟ್ಟು ಎಣ್ಣೆ ಇಲ್ಲ. ಒರೆಸಿದ ಬಟ್ಟೇನ ನಾಲ್ಕು ಮಡಿಕೆ ಮಾಡಿ ಮಡ್‌ಗಾರ್ಡ್ ಮೇಲಿಟ್ಟು ಹೋಗಿದ್ರು. ಅಂಥ ಮೆಕ್ಯಾನಿಕ್ಕನ್ನ ನಾನು ಹುಟ್ಟಿದಾರಭ್ಯ ಕಂಡಿಲ್ಲ.”

ನಾಲ್ಕು ಮಡಿಕೆ. ಮೇಸ್ತ್ರಿಯಮ್ಮನ ಷೆಡ್ಡಿನಲ್ಲಿ ಕೆಲಸ ಕಲಿಯಲು ಬಂದವರಿಗೆ ಮೊದಲ ವಾರ ಸ್ಪ್ಯಾನರ್ ಕೊಡುತ್ತಿರಲಿಲ್ಲ, ಬಟ್ಟೆ ಮಡಿಸಲು ಹಚ್ಚುತ್ತಿದ್ದರು. ಅವರ ಕೈಕೆಳಗೆ ಹತ್ತು ಹನ್ನೆರಡು ಜನ ಕಲಿತು ಹೋಗಿದ್ದಾರೆ. ಅವರಲ್ಲೇ ಯಾರೋ ಒಬ್ಬರು. ಒಳಗೆ ಎಲ್ಲೋ ಒಂದು ಸಣ್ಣ ಚುಚ್ಚು ಎದ್ದಿತು. ಆದರೂ ‘ನನ್ನ ಕೈಯಲ್ಲಿ ಕಲಿತವರು’ ಎಂಬ ಮಾತೇ ಅದಕ್ಕಿಂತ ಮೇಲೆದ್ದು ನಿಂತಿತು.

ಹೊರಗೆ ಬಂದು ಜೀಪು ಹತ್ತುವಾಗ ಅಳಿಯ ಜೇಬಿನಿಂದ ಆ ಆದೇಶ ತೆಗೆದು ನಾಲ್ಕು ಮಡಿಕೆ ಮಾಡಿ, ತಮಾಷೆಗೆ ಅತ್ತೆಯ ಕೈಗಿಟ್ಟ. “ಸಂಜೆ ಷೆಡ್ಡಿಗೆ ಬೀಗ ಬೀಳಲ್ಲ. ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಈ ರಿಜಿಸ್ಟರ್ ಸಾಕಂತೆ.”

“ನನ್ನ ಷೆಡ್ಡಿನ ಹೆಸರಿಗೆ ಮಸಿ ಬಳಿಯೋಕೆ ಹೊರಟರಲ್ಲ, ಅವರನ್ನ ಹಿಡೀತೀರಾ?”

“ಹಿಡೀದೆ ಬಿಡ್ತೀನಾ?”

“ನನ್ನ ಶಿಷ್ಯರೇ ಆಗಿದ್ರೂ?”

“ಯಾರೇ ಆಗಿದ್ರೂ ಅತ್ತೆ. ಈ ಯೂನಿಫಾರ್ಮ್ ಮೇಲಾಣೆ.”

“ಆಣೆ ಇಟ್ಟಾಯ್ತು. ಆಮೇಲೆ ಬದಲಾಯಿಸಬಾರದು,” ಎಂದು ಅವರು ಅವನ ಅಂಗೈ ಮೇಲೆ ತಮ್ಮ ಕೈಯಿಂದ ಒಮ್ಮೆ ತಟ್ಟಿದರು.

* * *

ಅಲ್ಲಿಗೇ ನಿಲ್ಲಿಸಬಹುದಿತ್ತು. ಅಳಿಯ ಹೇಳಿದ್ದೂ ಅದನ್ನೇ. “ಸಾಕು, ಮನೆಗೆ ಬಿಡ್ತೀನಿ, ಕಣ್ಣಿಗೆ ಡ್ರಾಪ್ಸ್ ಹಾಕ್ಕೊಳ್ಳೋ ಹೊತ್ತು.”

“ಒಳಗಿನ ಹಲ್ಲು ಎಣಿಸದೆ ನಾನು ಯಾವ ಗೇರ್‌ಬಾಕ್ಸನ್ನೂ ಬಿಟ್ಟಿಲ್ಲ. ಠಾಣೆಗೆ ನಡೀರಿ, ಅದನ್ನ ಕೆಳಗಿಳಿಸಬೇಕು.”

ಮಧ್ಯಾಹ್ನ ಮೂರೂವರೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಜ್ಯಾಕ್ ಕೊಟ್ಟು, ಬೆವರಿಳಿಸಿ, ಗೇರ್‌ಬಾಕ್ಸನ್ನು ವ್ಯಾನಿನಿಂದ ಬಿಡಿಸಿ ಅಂಗಳದ ನಡುವಿನ ಬೆಂಚಿನ ಮೇಲಿಟ್ಟರು. ಮೇಸ್ತ್ರಿಯಮ್ಮ ಒಂದೊಂದೇ ಗೇರಿಗೆ ಹಾಕಿ, ಮುಂದಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರು. ಬೆಣ್ಣೆಯಲ್ಲಿ ಕಡಗೋಲು ಆಡಿದಂತೆ ತಿರುಗಿತು. ಎಲ್ಲ ಗೇರಿನಲ್ಲೂ.

“ನೋಡಿದ್ರಾ? ಇದು ಕಚ್ಚಿಕೊಂಡಿಲ್ಲ. ವರದಿ ಬರೆದವರು ಇದನ್ನ ಇಳಿಸಿ ನೋಡೇ ಇಲ್ಲ, ಗಾಡಿ ಕೆಳಗೆ ತಲೆ ಹಾಕಿ ಬರೆದುಬಿಟ್ಟಿದ್ದಾರೆ.” ದನಿಯಲ್ಲಿ ಗೆಲುವಿತ್ತು. “ಇಷ್ಟು ಅಚ್ಚುಕಟ್ಟಾಗಿ ಹೊಂದಿಸಿದ ಗೇರ್‌ಬಾಕ್ಸಿಂದ ಅಪಘಾತ ಆಗೋಕೆ ಸಾಧ್ಯ ಇಲ್ಲ. ವ್ಯಾನು ಗೋಡೆಗೆ ಗುದ್ದಿದ್ದು ಬೇರೆ ಯಾವುದರಿಂದಲೋ.”

“ಹಾಗಾದ್ರೆ ಬದಲಾಯಿಸಿದ್ದು ಯಾಕೆ?”

“ಅದನ್ನ ಬದಲಾಯಿಸಿದವರನ್ನೇ ಕೇಳಬೇಕು. ನನಗೆ ಗೊತ್ತಾಗಬೇಕಿರೋದು ಒಂದೇ, ಅವರು ಕ್ಲಚ್ಚಿನ ಹಲ್ಲಿಗೆ ತಾಳೆ ನೋಡಿದ್ರೋ ಇಲ್ಲವೋ.”

ಅವರು ಶಾಫ್ಟಿನ ತುದಿಯನ್ನು ಬಟ್ಟೆಯಿಂದ ಒರೆಸಿದರು. ಕನ್ನಡಕವನ್ನು ಹಣೆಗೇರಿಸಿ, ಹೊಸ ಕಣ್ಣಿಗೆ ಹತ್ತಿರ ಹಿಡಿದರು. ಎಷ್ಟೋ ವರ್ಷದಿಂದ ಮಂಜುಮಂಜಾಗಿದ್ದ ಲೋಕ ಈಗ ಗೆರೆಗೆರೆಯಾಗಿ ಕಾಣುತ್ತಿತ್ತು. ಒಂದು, ಎರಡು, ಮೂರು. ಹಲ್ಲಿನ ಮೇಲಿಂದ ಹಲ್ಲಿಗೆ ಹೆಬ್ಬೆರಳು ಹತ್ತಿ ಇಳಿಯಿತು. ಹದಿನಾಲ್ಕು, ಹದಿನೈದು.

ಹದಿನಾರನೆಯದರ ಬುಡದಲ್ಲಿ ಒಂದು ಚುಕ್ಕೆಯಿತ್ತು.

ಸಾಸಿವೆ ಕಾಳಿಗಿಂತ ಚಿಕ್ಕದು. ಎಣ್ಣೆಗೆ ಅಳಿಸದ ಬಣ್ಣ. ಇಲ್ಲಿಂದ ಎಣಿಕೆ ಶುರು ಮಾಡಿದ್ದೇವೆ ಎಂದು, ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿ, ಇಟ್ಟ ಗುರುತು.

ಮೇಸ್ತ್ರಿಯಮ್ಮನಿಗೆ ಮೊದಲು ಬಂದದ್ದು ಹೆಮ್ಮೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೆಮ್ಮೆಯೇ. ಬಟ್ಟೆ ಮಡಿಸುವುದನ್ನು ಅವರು ಹತ್ತು ಹನ್ನೆರಡು ಜನಕ್ಕೆ ಕಲಿಸಿದ್ದರು. ಚುಕ್ಕೆಯ ಉಪಾಯವನ್ನು ಕಲಿಸಿದ್ದು ಒಬ್ಬರಿಗೇ. ಹದಿನೈದನೇ ವಯಸ್ಸಿನಲ್ಲಿ ಷೆಡ್ಡಿನ ಬೆಂಚಿನ ಮುಂದೆ ನಿಂತು, ‘ಕೆಂಪು ನಿಂದು ಅಮ್ಮ, ನಂದು ಬೇರೆ ಇರಲಿ, ಯಾರು ಎಣಿಸಿದ್ದು ಅಂತ ಗೊತ್ತಾಗಬೇಕಲ್ಲ’ ಎಂದು ತನ್ನದೇ ಉಗುರು ಬಣ್ಣದ ಶೀಷೆ ತಂದಿಟ್ಟುಕೊಂಡವಳಿಗೆ. ಈಗ ತರಬೇತಿ ಕೇಂದ್ರದಲ್ಲಿ ಲೇತ್ ಕಲಿಸುವವಳಿಗೆ. ಆ ಬಿಲ್ಲೆಯ ಅಂಚು ಯಾಕೆ ತರಚಲಿಲ್ಲ ಎಂಬುದು ಈಗ ಹೊಳೆಯಿತು.

ಆಮೇಲೆ ಭಯ ಬಂತು.

ಚುಕ್ಕೆ ಹಸಿರಾಗಿತ್ತು.

ಅವರ ಹೆಬ್ಬೆರಳು ಅದರ ಮೇಲೆ ಕೂತುಬಿಟ್ಟಿತು.

“ಎಷ್ಟು ಬಂತು ಅತ್ತೆ?” ಅಳಿಯ ಬೆಂಚಿನ ಇನ್ನೊಂದು ಕಡೆಯಿಂದ ಬಗ್ಗಿದ. ಒಂದು ಕೈಯಲ್ಲಿ ಮೊಬೈಲ್ ಇತ್ತು. ಇನ್ನೊಂದು ಕೈಯ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಕೀಗೊಂಚಲು, ಹಸಿರು ಚುಕ್ಕೆಯ ಮನೆ ಕೀ ಸಮೇತ, ಅವರ ಕಣ್ಣೆದುರೇ ತೂಗುತ್ತಿತ್ತು.

ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವರಿಗೆ ಎಣಿಕೆ ತಪ್ಪಿತು. “ಇನ್ನೂ... ಇನ್ನೊಮ್ಮೆ ಎಣಿಸಬೇಕು.”

“ಎಣಿಸೋರಂತೆ.” ಅವನು ಮೊಬೈಲನ್ನು ಶಾಫ್ಟಿನ ಹತ್ತಿರ ತಂದ. “ಒಂದು ನಿಮಿಷ ಬೆರಳು ತೆಗೀರಿ, ಸಾಕ್ಷಿಗೆ ಫೋಟೋ ಹೊಡ್ಕೊಳ್ಳಬೇಕು.”